ಫೈನಲ್ ಫ್ಯಾಂಟಸಿ 14: ಹೊಸಬರು ಎಲ್ಲಿಂದ ಶುರು ಮಾಡಬೇಕು, ಎಲ್ಲಿ ಎಡವುತ್ತಾರೆ

ಫೈನಲ್ ಫ್ಯಾಂಟಸಿ 14ರಲ್ಲಿ ಕಥೆಯನ್ನು ಬದಿಗಿಟ್ಟು ಆಟ ಆಡಲು ಆಗುವುದಿಲ್ಲ. ಬೇರೆ ಆನ್‌ಲೈನ್ ಗೇಮ್ ಆಡಿ ಬಂದವರಿಗೆ ಇದನ್ನು ಒಪ್ಪಿಕೊಳ್ಳುವುದೇ ಮೊದಲ ಕಷ್ಟ. ಆ ಗೇಮ್‌ಗಳಲ್ಲಿ ಒಂದೇ ಜಾಗದಲ್ಲಿ ನಿಂತು ಮೃಗಗಳನ್ನು ಹೊಡೆದು ಲೆವೆಲ್ ಏರಿಸಿಕೊಂಡು, ಗೆಳೆಯರು ಇರುವ ಕಡೆಗೆ ನೇರವಾಗಿ ಹೋಗಿ ಸೇರಿಕೊಳ್ಳಬಹುದು. ಇಲ್ಲಿ ಹೇಗೋ ಲೆವೆಲ್ 50 ಮುಟ್ಟಿದರೂ, ಮುಖ್ಯ ಕಥೆ ಲೆವೆಲ್ 20ರ ಕ್ವೆಸ್ಟ್‌ನಲ್ಲೇ (ಗೇಮ್ ಒಪ್ಪಿಸಿದ ಕೆಲಸದಲ್ಲೇ) ನಿಂತಿದ್ದರೆ ಮುಂದಿನ ಡಂಜನ್ (ಗುಂಪಾಗಿ ಹೋಗಿ ಹೋರಾಡುವ ಶತ್ರುಗಳ ತಾಣ) ತೆರೆಯದು, ಹೊಸ ನಾಡಿಗೆ ಪ್ರವೇಶ ಸಿಗದು, ಸವಾರಿಗೆ ಚೊಕೊಬೊ ಹಕ್ಕಿ ಕೂಡ ಸಿಗದು. ಲೆವೆಲ್ ಹಿಂದೆ ಓಡಬೇಡಿ, ಕಥೆಯ ಹಿಂದೆ ಹೋಗಿ. ಮುಖ್ಯ ಕಥೆಯೂ ನಿಮ್ಮ ಕ್ಲಾಸ್‌ನ (ನೀವು ಆರಿಸಿಕೊಂಡ ಯೋಧನ ಬಗೆಯ) ಕ್ವೆಸ್ಟ್‌ಗಳೂ ಸೇರಿದರೆ ಒಂದು ಕ್ಲಾಸ್ ಬೆಳೆಸಲು ಬೇಕಾದ ಅನುಭವದ ಪಾಯಿಂಟ್ ಬಹುಪಾಲು ತಾನಾಗಿ ಬರುತ್ತದೆ.

ಶುರುವಿನಲ್ಲಿ ಊರಿನವರೆಲ್ಲ ಐದು ವರ್ಷದ ಹಿಂದಿನ ಮಹಾವಿಪತ್ತಿನ ಬಗ್ಗೆ ನಿಮಗೂ ಗೊತ್ತು ಎಂಬಂತೆ ಮಾತಾಡುತ್ತಾರೆ. ಗಾಬರಿ ಬೇಡ, ನೀವು ಯಾವುದನ್ನೂ ಬಿಟ್ಟು ಬಂದಿಲ್ಲ. ಈ ಗೇಮ್‌ನ ಮೊದಲ ಆವೃತ್ತಿ 2010ರಲ್ಲಿ ಬಂದು ಸೋತಿತು. 2012ರಲ್ಲಿ ಅದನ್ನು ಮುಚ್ಚುವಾಗ, ಆಕಾಶದಿಂದ ಚಂದ್ರನಂಥ ಗೋಳ ಇಳಿದು ಒಡೆದು, ಒಳಗಿನಿಂದ ಬಹಾಮುತ್ ಎಂಬ ಡ್ರ್ಯಾಗನ್ ಹೊರಬಂದು ನಾಡನ್ನು ಸುಡುವಂತೆ ಕಥೆ ಕಟ್ಟಿ ಆ ಲೋಕವನ್ನೇ ಕೊನೆಗೊಳಿಸಿದರು. ನಿರ್ದೇಶಕ ನವೋಕಿ ಯೋಶಿದಾ ಅವರ ತಂಡ ಮತ್ತೆ ಕಟ್ಟಿದ ಗೇಮ್ 2013ರ ಆಗಸ್ಟ್‌ನಲ್ಲಿ ‘ಎ ರೆಲ್ಮ್ ರಿಬಾರ್ನ್’ ಹೆಸರಲ್ಲಿ ಬಂತು. ನೀವು ಆಡುವುದು ಆ ಬೂದಿಯ ಮೇಲೆ ಎದ್ದ ನಾಡಿನಲ್ಲಿ. ಆಮೇಲೆ ಮುಂದಿನ ಕಂತುಗಳಾದ ಹೆವೆನ್ಸ್‌ವರ್ಡ್ 2015ರಲ್ಲಿ, ಸ್ಟಾರ್ಮ್‌ಬ್ಲಡ್ 2017ರಲ್ಲಿ, ಶ್ಯಾಡೋಬ್ರಿಂಗರ್ಸ್ 2019ರಲ್ಲಿ, ಎಂಡ್‌ವಾಕರ್ 2021ರಲ್ಲಿ, ಡಾನ್‌ಟ್ರೇಲ್ 2024ರಲ್ಲಿ ಬಂದವು. ಎಲ್ಲ ಸೇರಿ ಒಂದೇ ಉದ್ದನೆಯ ಕಥೆ, ಅದನ್ನು ಅದೇ ಕ್ರಮದಲ್ಲಿ ಆಡಬೇಕು. ದುಡ್ಡು ಕೊಟ್ಟು ಕಥೆಯ ಭಾಗಗಳನ್ನು ಹಾರಿಸುವ ವಸ್ತುಗಳೂ ಮಾರಾಟಕ್ಕಿವೆ. ಹೊಸಬರು ಅದರ ತಂಟೆಗೆ ಹೋಗಲೇಬಾರದು. ಮುಂದೆ ಯಾರಾದರೂ ಸತ್ತಾಗ ಯಾಕೆ ಎಲ್ಲರೂ ಅಳುತ್ತಿದ್ದಾರೆ ಎಂದು ತಿಳಿಯದೆ ಕೂರುವುದಕ್ಕೆ ಹಣ ಕೊಟ್ಟಂತಾಗುತ್ತದೆ.

ಟ್ರಯಲ್‌ನಲ್ಲೇ ಶುರು ಮಾಡಿ

ಉಚಿತ ಟ್ರಯಲ್‌ಗೆ ದಿನಗಳ ಮಿತಿಯಿಲ್ಲ. ಎ ರೆಲ್ಮ್ ರಿಬಾರ್ನ್, ಹೆವೆನ್ಸ್‌ವರ್ಡ್, ಸ್ಟಾರ್ಮ್‌ಬ್ಲಡ್ ಮೂರರ ಕಥೆಯೂ ಅದರಲ್ಲಿ ಸೇರಿದೆ. ಪ್ರತಿ ಜಾಬ್‌ಗೂ (ಕ್ಲಾಸ್ ಬೆಳೆದು ಆಗುವ ಮುಂದಿನ ರೂಪ) ಲೆವೆಲ್ 70ರವರೆಗೆ ಹೋಗಬಹುದು. ಕಥೆಗಾಗಿ ಬರುವವರಿಗೆ ತಿಂಗಳುಗಟ್ಟಲೆ ಇದೇ ಸಾಕು.

ಏನೇನು ಸಿಗುವುದಿಲ್ಲ ಎಂಬುದನ್ನೂ ತಿಳಿದಿರಿ. ಗಿಲ್, ಅಂದರೆ ಆಟದ ಹಣ, 3,00,000ಕ್ಕಿಂತ ಹೆಚ್ಚು ಇಟ್ಟುಕೊಳ್ಳಲಾಗದು. ಆಟಗಾರರು ಸರಕು ಮಾರುವ ಮಾರ್ಕೆಟ್ ಬೋರ್ಡ್ ಬಳಸುವಂತಿಲ್ಲ, ಇನ್ನೊಬ್ಬ ಆಟಗಾರನ ಜತೆ ವಸ್ತು ವಿನಿಮಯ ಇಲ್ಲ, ಸಾಮಾನು ಕಾಯುವ ರಿಟೇನರ್ ಇಲ್ಲ. ಫ್ರೀ ಕಂಪನಿ ಎನ್ನುವ ಸಂಘಕ್ಕೆ ಸೇರಲಾಗದು. ನೀವಾಗಿ ಪಾರ್ಟಿ ಕಟ್ಟಲಾಗದು, ಬೇರೆಯವರು ಕರೆದರೆ ಸೇರಬಹುದು. ಜತೆಗಾರರನ್ನು ತಾನೇ ಹುಡುಕಿಕೊಡುವ ಡ್ಯೂಟಿ ಫೈಂಡರ್ ಮೂಲಕ ಡಂಜನ್‌ಗೆ ಹೋಗಲು ಇದ್ಯಾವುದೂ ಅಡ್ಡಿಯಲ್ಲ. ಕಥೆಯ ಕ್ವೆಸ್ಟ್‌ಗಳೇ ಬಟ್ಟೆ, ಆಯುಧ ಕೊಡುತ್ತಾ ಹೋಗುವುದರಿಂದ ಮಾರ್ಕೆಟ್ ಬೋರ್ಡ್ ಇಲ್ಲದ್ದು ಕೊರತೆಯೆನಿಸುವುದೂ ಅಪರೂಪ.

ಎರಡು ತಪ್ಪುಗಳನ್ನು ಮಾತ್ರ ಆಮೇಲೆ ತಿದ್ದಲು ಬರುವುದಿಲ್ಲ. ಒಂದು, ಅಕೌಂಟ್‌ಗೆ ಒಮ್ಮೆ ಪೂರ್ಣ ಗೇಮ್ ಸೇರಿಸಿದರೆ ಅದು ಮತ್ತೆ ಟ್ರಯಲ್ ಆಗುವುದಿಲ್ಲ, ಚಂದಾ ಕಟ್ಟದಿದ್ದರೆ ಒಳಗೆ ಬಿಡುವುದೂ ಇಲ್ಲ. ಸೇಲ್‌ನಲ್ಲಿ ಅಗ್ಗವಾಗಿದೆ ಎಂದು ಲೆವೆಲ್ 10ರಲ್ಲೇ ಖರೀದಿಸಿ ಕೋಡ್ ಹಾಕಿಬಿಡುವವರು ಬಹಳ. ಎರಡು, ಕಂಪ್ಯೂಟರ್‌ನಲ್ಲಿ ಸ್ಟೀಮ್ ಆವೃತ್ತಿ ಬೇರೆ, ಸ್ಕ್ವೇರ್ ಎನಿಕ್ಸ್ ಕಂಪನಿಯೇ ಮಾರುವ ಆವೃತ್ತಿ ಬೇರೆ. ಒಂದರಲ್ಲಿ ಶುರು ಮಾಡಿ, ಮುಂದಿನ ಕಂತನ್ನು ಇನ್ನೊಂದರಲ್ಲಿ ಕೊಂಡರೆ ಅದು ನಿಮ್ಮ ಅಕೌಂಟ್‌ಗೆ ಕೂಡುವುದಿಲ್ಲ. ಮುಂದೆ ಎಲ್ಲಿ ಖರೀದಿಸುತ್ತೀರಿ ಎಂದು ಈಗಲೇ ನಿರ್ಧರಿಸಿ, ಅಲ್ಲಿಂದಲೇ ಟ್ರಯಲ್ ಇಳಿಸಿಕೊಳ್ಳಿ.

ಡೌನ್‌ಲೋಡ್ ದೊಡ್ಡದು. ಕಂಪ್ಯೂಟರ್‌ನಲ್ಲಿ 140 ಜಿಬಿ ಜಾಗ, ಕನಿಷ್ಠ 8 ಜಿಬಿ ರ‍್ಯಾಮ್ ಬೇಕು. ದಿನಕ್ಕಿಷ್ಟೇ ಡೇಟಾ ಎನ್ನುವ ಮೊಬೈಲ್ ಪ್ಯಾಕ್ ನೆಚ್ಚಿಕೊಂಡು ಇಳಿಸಲು ಹೋಗಬೇಡಿ. ಎಸ್‌ಎಸ್‌ಡಿಯಲ್ಲಿ ಜಾಗ ಮಾಡಿಕೊಂಡು ಅಲ್ಲೇ ಹಾಕಿ, ಊರಿಂದೂರಿಗೆ ಹೋಗುವಾಗ ಕಾಯುವ ಸಮಯ ಬಹಳ ಉಳಿಯುತ್ತದೆ.

ಸರ್ವರ್ ಆರಿಸುವಾಗ ಗಡಿಯಾರ ನೋಡಿ

ಭಾರತದಲ್ಲಿ ಇದರ ಸರ್ವರ್ ಇಲ್ಲ. ಉತ್ತರ ಅಮೆರಿಕ, ಯುರೋಪ್, ಜಪಾನ್, ಓಷಿಯಾನಿಯಾ ನಾಲ್ಕರಲ್ಲಿ ಒಂದನ್ನು ಆರಿಸಬೇಕು. ಪಿಂಗ್, ಅಂದರೆ ಸರ್ವರ್‌ಗೆ ಸಂದೇಶ ಹೋಗಿ ಬರುವ ಸಮಯ, ಮುಖ್ಯವೇ, ಆದರೆ ಅದಕ್ಕಿಂತ ನೀವು ಆಡುವ ಹೊತ್ತಿಗೆ ಆ ಕಡೆ ಜನ ಎದ್ದಿರುತ್ತಾರೋ ಇಲ್ಲವೋ ಎಂಬುದು ಹೆಚ್ಚು ಮುಖ್ಯ. ನಮ್ಮಲ್ಲಿ ರಾತ್ರಿ 9 ಗಂಟೆಯಾದಾಗ ಜಪಾನ್‌ನಲ್ಲಿ ಮಧ್ಯರಾತ್ರಿ ದಾಟಿ 12:30, ಸಿಡ್ನಿಯಲ್ಲಿ ಇನ್ನೂ ತಡ, 1:30 ಅಥವಾ 2:30, ಅಮೆರಿಕದ ಪೂರ್ವ ತೀರದಲ್ಲಿ ಇನ್ನೂ ಬೆಳಗ್ಗೆ. ಯುರೋಪ್‌ನಲ್ಲಿ ಮಾತ್ರ ಸಂಜೆ ಇಳಿಯುತ್ತಿರುತ್ತದೆ, ಜನ ಕೆಲಸ ಮುಗಿಸಿ ಲಾಗಿನ್ ಆಗುವ ಹೊತ್ತು. ಆದ್ದರಿಂದ ಬೆಂಗಳೂರು, ಮೈಸೂರು, ಹುಬ್ಬಳ್ಳಿಯಿಂದ ಊಟವಾದ ಮೇಲೆ ಕೂರುವವರಿಗೆ ಯುರೋಪ್‌ನ ಕೇಯಾಸ್ ಅಥವಾ ಲೈಟ್ ಡೇಟಾ ಸೆಂಟರ್ (ಹಲವು ವರ್ಲ್ಡ್‌ಗಳ, ಅಂದರೆ ಸರ್ವರ್‌ಗಳ, ಗುಂಪು) ಸರಿಹೊಂದುತ್ತದೆ. ಅಣ್ಣನೋ ಅಕ್ಕನೋ ಅಮೆರಿಕ, ಆಸ್ಟ್ರೇಲಿಯಾದಲ್ಲಿದ್ದು ಅವರ ಜತೆಯೇ ಆಡುವುದಾದರೆ ಅವರ ಡೇಟಾ ಸೆಂಟರ್‌ನಲ್ಲೇ ಕ್ಯಾರೆಕ್ಟರ್ ಮಾಡಿ. ಜನ ತುಂಬಿದ ವರ್ಲ್ಡ್‌ಗಳಲ್ಲಿ ಹೊಸ ಕ್ಯಾರೆಕ್ಟರ್‌ಗೆ ಕೆಲವೊಮ್ಮೆ ಬಾಗಿಲು ಮುಚ್ಚಿರುತ್ತಾರೆ. ಆಗ ಅದೇ ಡೇಟಾ ಸೆಂಟರ್‌ನ ಬೇರೆ ವರ್ಲ್ಡ್ ತೆಗೆದುಕೊಳ್ಳಿ, ಡಂಜನ್‌ಗೆ ಎಲ್ಲರೂ ಒಟ್ಟಿಗೇ ಬರುತ್ತಾರೆ.

ಪಿಂಗ್ ಹೆಚ್ಚಿದ್ದರೆ ಆಟ ಕೆಡುತ್ತದೆ ಎಂದು ಹೆದರಬೇಕಿಲ್ಲ. ಇಲ್ಲಿನ ಮುಖ್ಯ ಹೊಡೆತಗಳ ನಡುವೆ ಸುಮಾರು 2.5 ಸೆಕೆಂಡ್ ಅಂತರವಿದೆ, ಬಟನ್ ಮೇಲೆ ಬಟನ್ ಒತ್ತುವ ಆಟ ಇದಲ್ಲ. ಒಂದೇ ಒಂದು ಅಭ್ಯಾಸ ಬೇಕು. ನೆಲದ ಮೇಲೆ ಕಿತ್ತಳೆ ಬಣ್ಣದ ವೃತ್ತ ಬಿದ್ದಾಗ ಶತ್ರುವಿನ ಕ್ಯಾಸ್ಟ್ ಬಾರ್ (ಹೊಡೆತ ಸಿದ್ಧವಾಗುವುದನ್ನು ತೋರಿಸುವ ಪಟ್ಟಿ) ತುಂಬುವ ಮುಂಚೆ ಆಚೆ ಬಂದಿರಬೇಕು. ಬಾರ್ ತುಂಬಿದ ಕ್ಷಣದಲ್ಲೇ ಯಾರು ಒಳಗಿದ್ದಾರೆ ಎಂದು ಸರ್ವರ್ ಲೆಕ್ಕ ಹಾಕಿಬಿಡುತ್ತದೆ, ಬೆಂಕಿ ಕಾಣಿಸುವುದು ಆಮೇಲೆ. ‘ಆಚೆ ಬಂದಿದ್ದೆ, ಆದರೂ ಏಟು ಬಿತ್ತು’ ಎನ್ನುವ ಗೊಂದಲಕ್ಕೆ ಇದೇ ಕಾರಣ. ಬೆಂಕಿ ನೋಡಿ ಓಡಬೇಡಿ, ವೃತ್ತ ನೋಡಿ ಓಡಿ.

ಯಾವ ಕ್ಲಾಸ್?

ಹೆಸರು ಇಂಗ್ಲಿಷ್ ಅಕ್ಷರಗಳಲ್ಲೇ ಇರಬೇಕು, ಮೊದಲ ಹೆಸರು, ಕೊನೆಯ ಹೆಸರು ಎರಡೂ ಬೇಕು. ಕ್ಲಾಸ್ ಆಯ್ಕೆಯಲ್ಲಿ ತಲೆ ಕೆಡಿಸಿಕೊಳ್ಳಬೇಡಿ, ಏಕೆಂದರೆ ಒಂದೇ ಕ್ಯಾರೆಕ್ಟರ್ ಎಲ್ಲ ಜಾಬ್‌ಗಳನ್ನೂ ಕಲಿಯಬಹುದು. ಕೈಯಲ್ಲಿ ಹಿಡಿದ ಆಯುಧ ಬದಲಾದರೆ ಕ್ಲಾಸ್ ಬದಲಾಗುತ್ತದೆ. ಮೊದಲ ಕ್ಲಾಸ್‌ನ ಲೆವೆಲ್ 10ರ ಕ್ವೆಸ್ಟ್ ಮುಗಿದ ಮೇಲೆ ಬೇರೆ ಗಿಲ್ಡ್‌ಗಳಿಗೆ ಹೋಗಿ ಹೊಸ ಕ್ಲಾಸ್ ಸೇರಬಹುದು.

ಕ್ಲಾಸ್ ನೋಡಿ ನಿಮ್ಮ ಮೊದಲ ಊರು ನಿಶ್ಚಯವಾಗುತ್ತದೆ. ಆರ್ಕೇನಿಸ್ಟ್, ಮರೌಡರ್ ಆದವರು ಬಂದರು ನಗರ ಲಿಮ್ಸಾ ಲೊಮಿನ್ಸಾದಲ್ಲಿ ಇಳಿಯುತ್ತಾರೆ. ಆರ್ಚರ್, ಲ್ಯಾನ್ಸರ್, ಕಾಂಜುರರ್ ಆದವರು ಕಾಡಿನ ನಡುವಿನ ಗ್ರಿಡೇನಿಯಾದಲ್ಲಿ. ಗ್ಲಾಡಿಯೇಟರ್, ಪ್ಯೂಜಿಲಿಸ್ಟ್, ಥಾಮಟರ್ಜ್ ಆದವರು ಮರಳುಗಾಡಿನ ಉಲ್ದಾದಲ್ಲಿ. ಲೆವೆಲ್ 15ರ ಹೊತ್ತಿಗೆ ಮೂರು ಊರಿನ ಕಥೆಗಳೂ ಒಂದಾಗುತ್ತವೆ. ಗೆಳೆಯರು ಬೇರೆ ಬೇರೆ ಊರಲ್ಲಿ ಶುರು ಮಾಡಿದರೆ ಅಲ್ಲಿಯವರೆಗೆ ಕಥೆಯಲ್ಲಿ ಜತೆಗೂಡಲು ಆಗುವುದಿಲ್ಲ, ಅಷ್ಟೇ.

ಪೂರ್ತಿ ಹೊಸಬರಿಗೆ ನಮ್ಮ ಸಲಹೆ ಆರ್ಕೇನಿಸ್ಟ್. ದೂರದಿಂದ ಹೊಡೆಯಬಹುದು, ಮೈದಾನದಲ್ಲಿ ಏನಾಗುತ್ತಿದೆ ಎಂದು ಕಾಣುತ್ತದೆ. ಲೆವೆಲ್ 30ರಲ್ಲಿ ಅದು ಸಮ್ಮನರ್ ಆಗುತ್ತದೆ, ಸ್ಕಾಲರ್ ಎಂಬ ಹೀಲರ್ (ಜತೆಗಾರರ ಪ್ರಾಣ ತುಂಬುವವ) ಕೂಡ ಅದೇ ಕ್ಲಾಸ್‌ನಿಂದ ಸಿಗುತ್ತದೆ. ಎರಡಕ್ಕೂ ಲೆವೆಲ್ ಒಂದೇ, ಒಂದನ್ನು ಬೆಳೆಸಿದರೆ ಇನ್ನೊಂದೂ ಬೆಳೆದಿರುತ್ತದೆ. ಮುಂದೆ ನಿಂತು ಏಟು ತಿನ್ನಲು ಇಷ್ಟವಿದ್ದರೆ ಮರೌಡರ್ ತೆಗೆದುಕೊಳ್ಳಿ, ಟ್ಯಾಂಕ್‌ಗಳು ಡಂಜನ್‌ಗೆ ಕಾಯುವುದು ಕಡಿಮೆ. ಸಮುರಾಯ್ ಅಥವಾ ರೆಡ್ ಮೇಜ್ ಆಗಬೇಕೆಂದು ಬಂದವರು ತಾಳಬೇಕು, ಅವೆರಡೂ ಯಾವುದಾದರೂ ಒಂದು ಜಾಬ್ ಲೆವೆಲ್ 50 ಮುಟ್ಟಿದ ಮೇಲೆ ಉಲ್ದಾದಲ್ಲಿ ಸಿಗುತ್ತವೆ. ಡಾರ್ಕ್ ನೈಟ್, ಅಸ್ಟ್ರಾಲಜಿಯನ್, ಮಷಿನಿಸ್ಟ್ ಬೇಕಿದ್ದವರಿಗೆ ಕಥೆಯಲ್ಲಿ ಇಶ್ಗಾರ್ಡ್ ನಗರ ಮುಟ್ಟಬೇಕು.

ಚಿಹ್ನೆ ಓದಲು ಕಲಿಯಿರಿ

ಜನರ ತಲೆಯ ಮೇಲೆ ಮೂರು ಬಗೆಯ ಚಿಹ್ನೆ ಕಾಣುತ್ತದೆ. ಉರಿಯುವ ಉಲ್ಕೆಯಂಥದ್ದು ಮುಖ್ಯ ಕಥೆ, ಪರದೆಯ ಮೇಲಿನ ಮೂಲೆಯಲ್ಲೂ ಮುಂದಿನ ಹೆಜ್ಜೆ ಬರೆದಿರುತ್ತದೆ. ನೀಲಿ ಬಣ್ಣದ, ಪ್ಲಸ್ ಗುರುತಿರುವ ಕ್ವೆಸ್ಟ್ ಏನನ್ನಾದರೂ ತೆರೆಯುತ್ತದೆ: ಡಂಜನ್, ಜಾಬ್, ಬಣ್ಣ ಹಾಕುವ ಸೌಲಭ್ಯ, ಹೀಗೆ. ಇವನ್ನು ಕಂಡಲ್ಲಿ ಬಿಡಬೇಡಿ. ಬರೀ ಹಳದಿ ಆಶ್ಚರ್ಯಸೂಚಕದವು ಊರಿನವರ ಚಿಲ್ಲರೆ ಕೆಲಸಗಳು. ಕೆಲವು ಚೆನ್ನಾಗಿವೆ, ಆದರೆ ಎಲ್ಲವನ್ನೂ ಮುಗಿಸುತ್ತೇನೆ ಎಂದು ಹೊರಟವರು ಲೆವೆಲ್ 20ಕ್ಕೆ ಮುಂಚೆಯೇ ಬೇಸತ್ತು ಗೇಮ್ ಬಿಡುತ್ತಾರೆ. ಇವನ್ನು ಬೇರೆ ಜಾಬ್ ಬೆಳೆಸುವಾಗ ಮಾಡಿಕೊಳ್ಳಬಹುದು.

ಇನ್ನೊಂದು ಗುಂಪು ನಿಮ್ಮ ಕ್ಲಾಸ್‌ನ ಕ್ವೆಸ್ಟ್‌ಗಳು. ಮೊದಲಿಗೆ ಸುಮಾರು ಐದು ಲೆವೆಲ್‌ಗೆ ಒಂದರಂತೆ ಗಿಲ್ಡ್‌ನಲ್ಲಿ ಕಾಯುತ್ತಿರುತ್ತವೆ. ಕೆಲವು ಮುಖ್ಯ ಹೊಡೆತಗಳು ಲೆವೆಲ್ ಏರಿದ ಮಾತ್ರಕ್ಕೆ ಬರುವುದಿಲ್ಲ, ಈ ಕ್ವೆಸ್ಟ್ ಮುಗಿಸಿದರೆ ಮಾತ್ರ ಬರುತ್ತವೆ. ಲೆವೆಲ್ 30ರದ್ದು ಇವೆಲ್ಲದರಲ್ಲಿ ದೊಡ್ಡದು. ಅದು ಮುಗಿದ ಮೇಲೆ ಜಾಬ್ ಕ್ವೆಸ್ಟ್ ತೆಗೆದುಕೊಂಡರೆ ‘ಸೋಲ್’ ಎಂಬ ಕಲ್ಲು ಕೈಗೆ ಬರುತ್ತದೆ: ಗ್ಲಾಡಿಯೇಟರ್ ಪ್ಯಾಲಡಿನ್ ಆಗುತ್ತಾನೆ, ಕಾಂಜುರರ್ ವೈಟ್ ಮೇಜ್, ಲ್ಯಾನ್ಸರ್ ಡ್ರಗೂನ್, ಆರ್ಚರ್ ಬಾರ್ಡ್. ಕಲ್ಲನ್ನು ಬ್ಯಾಗ್‌ನಲ್ಲಿ ಇಟ್ಟುಕೊಂಡರೆ ಸಾಲದು. ಕ್ಯಾರೆಕ್ಟರ್ ವಿಂಡೋ ತೆರೆದು ಅದಕ್ಕೆಂದೇ ಇರುವ ಜಾಗದಲ್ಲಿ ತೊಡಬೇಕು, ಆಮೇಲೆ ಗೇರ್ ಸೆಟ್ (ತೊಟ್ಟ ಉಡುಪು, ಆಯುಧಗಳ ಉಳಿಸಿಟ್ಟ ಪಟ್ಟಿ) ಅನ್ನು ಮತ್ತೆ ಸೇವ್ ಮಾಡಬೇಕು. ಹಳೆಯ ಗೇರ್ ಸೆಟ್ ಒತ್ತಿದರೆ ಕಲ್ಲು ಕಳಚಿಕೊಂಡು ನೀವು ಮತ್ತೆ ಬರೀ ಕಾಂಜುರರ್. ಲೆವೆಲ್ 44ರ ಡಂಜನ್‌ಗೆ ಕಲ್ಲಿಲ್ಲದ ಹೀಲರ್ ಬಂದರೆ ಇಡೀ ಪಾರ್ಟಿ ಒದ್ದಾಡುತ್ತದೆ, ಪಾಪ, ಬಂದವರಿಗೆ ಏನು ತಪ್ಪಾಗಿದೆ ಎಂದೇ ತಿಳಿದಿರುವುದಿಲ್ಲ.

ಊರೂರಿನಲ್ಲಿ ತಿರುಗುವ ದೊಡ್ಡ ನೀಲಿ ಹರಳು ಕಂಡರೆ, ಅದು ಈಥರೈಟ್, ಹೋಗಿ ಮುಟ್ಟಿ. ಒಮ್ಮೆ ಮುಟ್ಟಿದ ಕಡೆಗೆಲ್ಲ ಸ್ವಲ್ಪ ಗಿಲ್ ಕೊಟ್ಟು ಟೆಲಿಪೋರ್ಟ್ ಆಗಬಹುದು. ಶುರುವಿನಲ್ಲಿ ಗಿಲ್ ಸೋರಿಹೋಗುವುದು ಇಲ್ಲೇ. ಇದಕ್ಕೊಂದು ಒಳ್ಳೆಯ ಉಪಾಯವಿದೆ. ಸ್ಕ್ವೇರ್ ಎನಿಕ್ಸ್ ಅಕೌಂಟ್‌ಗೆ ಫೋನ್‌ನಲ್ಲಿ ಒಂದು ಸಲದ ಪಾಸ್‌ವರ್ಡ್ ಕೊಡುವ ಆ್ಯಪ್ ಜೋಡಿಸಿಕೊಂಡರೆ ಅಕೌಂಟ್ ಭದ್ರವಾಗುತ್ತದೆ, ಜತೆಗೆ ನೀವು ಆರಿಸಿದ ಒಂದು ಈಥರೈಟ್‌ಗೆ ಟೆಲಿಪೋರ್ಟ್ ಪೂರ್ತಿ ಉಚಿತ. ಆ್ಯಪ್ ಕೊಡುವ ತುರ್ತು ಕೋಡ್ ಅನ್ನು ಕಾಗದದ ಮೇಲೆ ಬರೆದಿಡಿ. ಫೋನ್ ಬದಲಿಸಿದಾಗ ಅದಿಲ್ಲದೆ ಅಕೌಂಟ್ ಒಳಗೆ ಹೋಗುವುದು ಬಹಳ ಕಷ್ಟ.

ಲೆವೆಲ್ 15: ಮೊದಲ ಡಂಜನ್

ಡಂಜನ್‌ಗೆ ಹೋಗುವ ಮುಂಚೆ ಹಾಲ್ ಆಫ್ ದ ನೋವಿಸ್ ಮುಗಿಸಿ. ಲೆವೆಲ್ 15ರಲ್ಲಿ ತೆರೆಯುವ ಈ ತರಬೇತಿಯಲ್ಲಿ ಟ್ಯಾಂಕ್, ಹೀಲರ್, ಡಿಪಿಎಸ್ (ಶತ್ರುವನ್ನು ಹೊಡೆದು ಉರುಳಿಸುವವರು) ಪಾತ್ರಗಳ ಕೆಲಸವನ್ನು ಸಣ್ಣ ಪಾಠಗಳಾಗಿ ಕಲಿಸುತ್ತಾರೆ. ಆ ಲೆವೆಲ್‌ಗೆ ಒಳ್ಳೆಯ ಉಡುಪಿನ ಸೆಟ್ ಸಿಗುತ್ತದೆ, ಕೊನೆಯಲ್ಲಿ ಒಂದು ಉಂಗುರ ಕೂಡ. ಅದನ್ನು ತೊಟ್ಟರೆ ಲೆವೆಲ್ 30ರವರೆಗೆ 30 ಶೇಕಡಾ ಹೆಚ್ಚು ಅನುಭವದ ಪಾಯಿಂಟ್. ಅದನ್ನು ಮಾರಬೇಡಿ, ಮುಂದೆ ಬೇರೆ ಕ್ಲಾಸ್ ಶುರು ಮಾಡಿದಾಗಲೂ ಅದೇ ಉಂಗುರ ಕೆಲಸಕ್ಕೆ ಬರುತ್ತದೆ.

ಮೊದಲ ಡಂಜನ್ ಸಸ್ತಾಷಾ, ಕಡಲ್ಗಳ್ಳರ ಗುಹೆ. ಆಮೇಲೆ ಲೆವೆಲ್ 16ಕ್ಕೆ ಟಾಮ್-ತಾರಾ, 17ಕ್ಕೆ ಕಾಪರ್‌ಬೆಲ್ ಗಣಿ. ನಾಲ್ಕು ಜನರ ಪಾರ್ಟಿ: ಒಬ್ಬ ಟ್ಯಾಂಕ್, ಒಬ್ಬ ಹೀಲರ್, ಇಬ್ಬರು ಡಿಪಿಎಸ್. ಅಪರಿಚಿತರ ಜತೆ ಹೋಗಲು ಅಳುಕಿದ್ದರೆ ಡ್ಯೂಟಿ ಸಪೋರ್ಟ್ ಆರಿಸಿ. ಕಥೆಯ ಪಾತ್ರಗಳೇ ನಿಮ್ಮ ಪಾರ್ಟಿಯಾಗಿ ಬರುತ್ತವೆ, ಕಾಯಬೇಕಿಲ್ಲ, ನಿಧಾನವಾಗಿ ಎಲ್ಲವನ್ನೂ ನೋಡಬಹುದು. ಮುಖ್ಯ ಕಥೆಯ ನಾಲ್ಕು ಜನರ ಡಂಜನ್‌ಗಳಿಗೆಲ್ಲ ಈ ಸೌಲಭ್ಯ ಇದೆ. ಎಂಟು ಜನರ ದೊಡ್ಡ ಹೋರಾಟಗಳಿಗೆ ಮಾತ್ರ ಇದನ್ನು ನೆಚ್ಚಿಕೊಳ್ಳಬೇಡಿ, ನಿಜವಾದ ಆಟಗಾರರ ಜತೆ ಆಡಿ ರೂಢಿಯಿರಲಿ.

ಸಸ್ತಾಷಾದ ಒಳಗೆ ಹೊಸಬರು ನಿಂತುಬಿಡುವ ಜಾಗ ಶುರುವಿನಲ್ಲೇ ಇದೆ. ಕೆಂಪು, ನೀಲಿ, ಹಸಿರು ಹವಳದ ಗೊಂಚಲುಗಳಲ್ಲಿ ಒಂದನ್ನು ಮುಟ್ಟಬೇಕು. ಯಾವುದು ಎಂಬುದು ಪ್ರತಿ ಸಲ ಬದಲಾಗುತ್ತದೆ. ಹತ್ತಿರದಲ್ಲೇ ರಕ್ತದ ಕಲೆಯ ಚೀಟಿಯೊಂದು ಬಿದ್ದಿರುತ್ತದೆ, ಅದನ್ನು ಓದಿದರೆ ಬಣ್ಣ ತಿಳಿಯುತ್ತದೆ. ಸರಿಯಾದ ಹವಳ ಮುಟ್ಟಿದರೆ ಬಾಸ್ ಬರುತ್ತದೆ, ಅದು ಸತ್ತ ಮೇಲೆ ಗುಪ್ತ ಬಾಗಿಲು. ಕೊನೆಯ ಬಾಸ್ ಡೆನ್ ಜತೆ ಹೋರಾಡುವಾಗ ನೆಲದ ಕಿಂಡಿಗಳಲ್ಲಿ ನೀರು ಗುಳುಗುಳು ಎನ್ನುವುದನ್ನು ಗಮನಿಸಿ. ಆ ಕಿಂಡಿಗೆ ಹೋಗಿ ಕ್ಲಿಕ್ ಮಾಡಿದರೆ ಅಲ್ಲಿಂದ ಹೊಸ ಶತ್ರುಗಳು ಏಳುವುದಿಲ್ಲ. ಎಲ್ಲರೂ ಬಾಸ್‌ನನ್ನೇ ಹೊಡೆಯುತ್ತಾ ಕಿಂಡಿ ಮರೆತರೆ ಹೀಲರ್ ಕಥೆ ಮುಗಿಯಿತು. ಈ ಕೆಲಸಕ್ಕೆ ಡಿಪಿಎಸ್ ಓಡಬೇಕು.

ಪಾತ್ರ ಪಾತ್ರಕ್ಕೂ ಒಂದೊಂದು ಮಾತು. ಟ್ಯಾಂಕ್ ಆದವರು ಒಳಗೆ ಕಾಲಿಟ್ಟ ಕೂಡಲೇ ಟ್ಯಾಂಕ್ ಸ್ಟಾನ್ಸ್ ಆನ್ ಮಾಡಬೇಕು, ಗ್ಲಾಡಿಯೇಟರ್‌ಗೆ ಐರನ್ ವಿಲ್, ಮರೌಡರ್‌ಗೆ ಡಿಫಯನ್ಸ್. ಅದು ಆಫ್ ಇದ್ದರೆ ಶತ್ರುಗಳು ಹೀಲರ್ ಕಡೆ ತಿರುಗುತ್ತಾರೆ. ಲೆವೆಲ್ ಕಡಿಮೆಯ ಡಂಜನ್‌ಗೆ ಹೋದಾಗಲೂ, ಜಾಬ್ ಬದಲಿಸಿದಾಗಲೂ ಅದು ಆಫ್ ಆಗಿಲ್ಲವೇ ಎಂದು ನೋಡಿ. ಮೂರು ಅಥವಾ ಹೆಚ್ಚು ಶತ್ರುಗಳಿದ್ದರೆ ಒಬ್ಬೊಬ್ಬರನ್ನೇ ಹೊಡೆಯುವ ಬದಲು ಸುತ್ತಲಿನವರಿಗೆಲ್ಲ ತಗಲುವ ಹೊಡೆತ ಬಳಸಿ, ಇದು ಡಿಪಿಎಸ್‌ಗೂ ಅನ್ವಯ. ಹೀಲರ್ ಆದವರು ಎಲ್ಲರ ಪ್ರಾಣ ತುಂಬಿದ್ದಾಗ ಸುಮ್ಮನೆ ನಿಲ್ಲಬಾರದು, ಶತ್ರುವಿಗೂ ಹೊಡೆಯಬೇಕು. ಬರೀ ಹೀಲ್ ಮಾಡುತ್ತಾ ನಿಂತರೆ ಹೋರಾಟ ಉದ್ದವಾಗಿ ಕೊನೆಗೆ ಹೀಲ್ ಮಾಡುವ ಕೆಲಸವೇ ಹೆಚ್ಚಾಗುತ್ತದೆ. ಸತ್ತರೆ ‘ರಿಟರ್ನ್’ ಬಟನ್ ತಕ್ಷಣ ಒತ್ತಬೇಡಿ, ಯಾರಾದರೂ ಎಬ್ಬಿಸುತ್ತಾರೆ.

ಹೊಸಬರ ಹೆಸರಿನ ಪಕ್ಕ ಚಿಗುರೆಲೆಯ ಗುರುತಿರುತ್ತದೆ. ಅದನ್ನು ಕಂಡರೆ ಹಳಬರು ಸಾಮಾನ್ಯವಾಗಿ ತಾಳ್ಮೆಯಿಂದ ಇರುತ್ತಾರೆ, ಮೊದಲ ಸಲ ಬಂದವರು ಪಾರ್ಟಿಯಲ್ಲಿದ್ದರೆ ಉಳಿದವರಿಗೆ ಬೋನಸ್ ಕೂಡ ಇದೆ. ‘ಫಸ್ಟ್ ಟೈಮ್’ ಎಂದು ಚಾಟ್‌ನಲ್ಲಿ ಬರೆದು ಶುರು ಮಾಡಿ. ಕಟ್‌ಸೀನ್ (ಕಥೆಯ ದೃಶ್ಯ) ಬಂದರೆ ಧಾರಾಳವಾಗಿ ನೋಡಿ, ಅವಸರಪಡಿಸುವವರಿಗಾಗಿ ಕಥೆ ಬಿಟ್ಟುಕೊಡಬೇಡಿ.

ಇಂಗ್ಲಿಷ್ ಹಳೆಯದು, ಹೆದರಬೇಡಿ

ಕಥೆ ಜಪಾನಿ, ಇಂಗ್ಲಿಷ್, ಫ್ರೆಂಚ್, ಜರ್ಮನ್‌ನಲ್ಲಿದೆ. ಇಂಗ್ಲಿಷ್ ಸಂಭಾಷಣೆ ಬೇಕೆಂದೇ ಹಳೆಗಾಲದ ಧಾಟಿಯಲ್ಲಿದೆ, ಅದರಲ್ಲೂ ಮೊದಲ 50 ಲೆವೆಲ್‌ಗಳಲ್ಲಿ. ಉರಿಯಾಂಜೆ ಎಂಬ ಪಾತ್ರ ಬಾಯಿ ತೆರೆದರೆ ಇಂಗ್ಲಿಷ್ ಮೇಷ್ಟ್ರುಗಳೂ ಎರಡು ಸಲ ಓದಬೇಕು. ಬಹುಪಾಲು ಮಾತಿಗೆ ದನಿ ಇಲ್ಲ, ಓದಬೇಕು. ಸಂಭಾಷಣೆ ತಾನಾಗಿ ಮುಂದೆ ಓಡುವ ಆಯ್ಕೆಯನ್ನು ಆಫ್ ಮಾಡಿಟ್ಟುಕೊಳ್ಳಿ. ತಪ್ಪಿಹೋದ ಕಟ್‌ಸೀನ್‌ಗಳನ್ನು ಊರಿನ ಇನ್ ಕೋಣೆಯಲ್ಲಿರುವ ‘ಅನ್‌ಎಂಡಿಂಗ್ ಜರ್ನಿ’ ಪುಸ್ತಕ ತೆರೆದು ಮತ್ತೆ ನೋಡಬಹುದು. ರಾತ್ರಿ ನಿದ್ದೆಗಣ್ಣಲ್ಲಿ ಕಥೆ ನೋಡಿದವರಿಗೆ ಬೆಳಗ್ಗೆ ಇದು ದೊಡ್ಡ ಉಪಕಾರ.

ಒಪ್ಪಿಕೊಳ್ಳಬೇಕಾದ ಮಾತು: ಲೆವೆಲ್ 50ರವರೆಗಿನ ಕಥೆ ನಿಧಾನ. ಅದನ್ನು ತಯಾರಕರೂ ಬಲ್ಲರು, 2020ರ ಆಗಸ್ಟ್‌ನಲ್ಲಿ ಹಲವು ಕ್ವೆಸ್ಟ್ ತೆಗೆದು ಅದನ್ನು ಚಿಕ್ಕದು ಮಾಡಿದರು. ಆದರೂ ಊರಿಂದ ಊರಿಗೆ ಓಡಾಟ ಉಳಿದಿದೆ. ಆದರೆ ಈ ಭಾಗದಲ್ಲಿ ಪರಿಚಯವಾಗುವ ಅಲ್ಫಿನೋ ಎಂಬ ಹುಡುಗನ ಜಂಬ, ಮೂರು ನಗರಗಳ ಒಳಜಗಳ, ಉಲ್ದಾದ ಶ್ರೀಮಂತರ ಕುತಂತ್ರ ಇವೆಲ್ಲದರ ಫಲ ಮುಂದೆ ಬರುತ್ತದೆ. ಹೆಸರುಗಳನ್ನು ಒಂದು ನೋಟ್‌ಬುಕ್‌ನಲ್ಲಿ ಗೀಚಿಟ್ಟುಕೊಂಡರೆ ಹೆವೆನ್ಸ್‌ವರ್ಡ್ ತಲುಪುವ ಹೊತ್ತಿಗೆ ಕಥೆಯ ಹಿಡಿತ ಕೈಬಿಟ್ಟಿರುವುದಿಲ್ಲ.

20ರಿಂದ 50

ಲೆವೆಲ್ 20ಕ್ಕೆ ಇಫ್ರಿಟ್ ಎಂಬ ಬೆಂಕಿಯ ದೇವತೆಯ ಜತೆ ಹೋರಾಟ. ನಡುವೆ ನೆಲದಿಂದ ಒಂದು ಉರಿಯುವ ಮೊಳೆ ಏಳುತ್ತದೆ. ಎಲ್ಲರೂ ಬಾಸ್ ಬಿಟ್ಟು ಆ ಮೊಳೆ ಒಡೆಯಿರಿ, ಇಲ್ಲದಿದ್ದರೆ ಅವನ ದೊಡ್ಡ ಹೊಡೆತಕ್ಕೆ ಪಾರ್ಟಿ ಸುಟ್ಟುಹೋಗುತ್ತದೆ. ಅದರ ನಂತರ ಮೂರು ಸೇನೆಗಳಲ್ಲಿ ಒಂದಕ್ಕೆ ಸೇರಬೇಕು. ಯಾವುದಕ್ಕೆ ಸೇರಿದರೂ ಕಥೆಯಲ್ಲಿ ವ್ಯತ್ಯಾಸವಿಲ್ಲ. ಸೇನೆಯಿಂದ ಸಿಗುವ 200 ಸೀಲ್ ಕೊಟ್ಟರೆ ಚೊಕೊಬೊ ಪರವಾನಗಿ. ಆ ದಿನವೇ ಇದನ್ನು ಮುಗಿಸಿ, ನಡೆದಾಡುವ ಬೇಸರ ಅರ್ಧಕ್ಕೆ ಇಳಿಯುತ್ತದೆ. ಲೆವೆಲ್ 30ಕ್ಕೆ ಇನ್ನೊಂದು ಕ್ವೆಸ್ಟ್ ಮಾಡಿದರೆ ಅದೇ ಹಕ್ಕಿ ನಿಮ್ಮ ಪಕ್ಕದಲ್ಲಿ ನಿಂತು ಹೋರಾಡುತ್ತದೆ, ಅದಕ್ಕೆ ಗೈಸಾಲ್ ಸೊಪ್ಪು ತಿನ್ನಿಸಬೇಕು. ಒಬ್ಬರೇ ಆಡುವವರಿಗೆ ಇದು ಪ್ರಾಣ ಉಳಿಸುವ ಸಂಗಾತಿ.

ಈ ಹಂತದಲ್ಲಿ ವೇಕಿಂಗ್ ಸ್ಯಾಂಡ್ಸ್ ಎಂಬ ಗುಪ್ತ ಕಚೇರಿಗೆ ಪದೇ ಪದೇ ಹೋಗಬೇಕಾಗುತ್ತದೆ. ಅದಿರುವ ವೆಸ್ಪರ್ ಬೇಯಲ್ಲಿ ಈಥರೈಟ್ ಇಲ್ಲ. ಹತ್ತಿರದ ಹೊರೈಜನ್‌ಗೆ ಟೆಲಿಪೋರ್ಟ್ ಆಗಿ ಪಶ್ಚಿಮಕ್ಕೆ ಓಡಿ, ಇಲ್ಲವೇ ಲಿಮ್ಸಾದಿಂದ ದೋಣಿ ಹಿಡಿಯಿರಿ. ವೆಸ್ಪರ್ ಬೇಗೇ ಕರೆದೊಯ್ಯುವ ಟಿಕೆಟ್ ಸಿಕ್ಕರೆ ಮಾರಬೇಡಿ.

ಲೆವೆಲ್ ಕಥೆಗಿಂತ ಹಿಂದೆ ಬಿದ್ದರೆ ಡ್ಯೂಟಿ ರೂಲೆಟ್ (ಯಾವುದಾದರೊಂದು ಡಂಜನ್‌ಗೆ ಕಳಿಸುವ ಆಯ್ಕೆ) ಆಡಿ. ಲೆವೆಲಿಂಗ್ ರೂಲೆಟ್‌ನ ಮೊದಲ ಓಟಕ್ಕೆ ದಿನಕ್ಕೊಮ್ಮೆ ದೊಡ್ಡ ಬೋನಸ್ ಇದೆ. ದಿನದ ಲೆಕ್ಕ ಬದಲಾಗುವುದು ನಮ್ಮ ರಾತ್ರಿ 8:30ಕ್ಕೆ. ಹಾಗಾಗಿ 8 ಗಂಟೆಗೆ ಒಂದು, 8:30 ದಾಟಿದ ಮೇಲೆ ಇನ್ನೊಂದು ಆಡಿದರೆ ಎರಡು ದಿನದ ಬೋನಸ್ ಒಂದೇ ಕೂತಿನಲ್ಲಿ ಸಿಗುತ್ತದೆ. ಯಾವುದೇ ಅಗ್ಗದ ತಿಂಡಿ ತಿಂದರೂ 30 ನಿಮಿಷ 3 ಶೇಕಡಾ ಹೆಚ್ಚು ಅನುಭವ. ಲಾಗ್‌ಔಟ್ ಮಾಡುವುದು ಊರೊಳಗೆ, ಈಥರೈಟ್ ಹತ್ತಿರ ಇರಲಿ, ವಿಶ್ರಾಂತಿಯ ಬೋನಸ್ ಅಲ್ಲಿ ಮಾತ್ರ ಸೇರುತ್ತದೆ.

ಉಡುಪಿನಲ್ಲಿ ನಿಮ್ಮ ಪಾತ್ರದ ಅಂಕಿ ನೋಡಿ. ಟ್ಯಾಂಕ್, ಲ್ಯಾನ್ಸರ್, ಪ್ಯೂಜಿಲಿಸ್ಟ್‌ಗೆ ಸ್ಟ್ರೆಂಥ್, ಆರ್ಚರ್‌ಗೆ ಡೆಕ್ಸ್‌ಟೆರಿಟಿ, ಆರ್ಕೇನಿಸ್ಟ್, ಥಾಮಟರ್ಜ್‌ಗೆ ಇಂಟೆಲಿಜೆನ್ಸ್, ಹೀಲರ್‌ಗೆ ಮೈಂಡ್. ಮೊದಲು ಬದಲಿಸಬೇಕಾದದ್ದು ಆಯುಧ, ನಿಮ್ಮ ಏಟಿನ ಬಲ ಹೆಚ್ಚಾಗಿ ಅದರ ಮೇಲೆ ನಿಂತಿದೆ. ಉಳಿದದ್ದಕ್ಕೆ ಕ್ಯಾರೆಕ್ಟರ್ ವಿಂಡೋದ ‘ರೆಕಮೆಂಡೆಡ್ ಗೇರ್’ ಬಟನ್ ಸಾಕು.

50ರಲ್ಲಿ ಕಥೆಯ ಮೊದಲ ಭಾಗ ಮುಗಿಸುವ ಎರಡು ಡಂಜನ್‌ಗಳಲ್ಲಿ, ಕ್ಯಾಸ್ಟ್ರಮ್ ಮೆರಿಡಿಯಾನಮ್ ಮತ್ತು ಪ್ರಿಟೋರಿಯಂ, ಹೋರಾಟಕ್ಕಿಂತ ಕಟ್‌ಸೀನ್ ಜಾಸ್ತಿ. ಅಡುಗೆ ಒಲೆಯ ಮೇಲಿಟ್ಟು ಕೂರಬೇಡಿ, ಬಿಡುವಿರುವ ಸಂಜೆ ನೋಡಿ. ಪರದೆಯ ಮೇಲೆ ಹೆಸರುಗಳು ಉರುಳಿದ ಮೇಲೂ ಕಥೆ ಮುಗಿದಿಲ್ಲ. ಹೆವೆನ್ಸ್‌ವರ್ಡ್‌ಗೆ ಮುಂಚೆ ಪ್ಯಾಚ್‌ಗಳಲ್ಲಿ (ನಡುನಡುವಿನ ಅಪ್‌ಡೇಟ್‌ಗಳಲ್ಲಿ) ಬಂದ ಕ್ವೆಸ್ಟ್‌ಗಳ ಉದ್ದನೆಯ ಸಾಲಿದೆ, 24 ಜನರ ಕ್ರಿಸ್ಟಲ್ ಟವರ್ ಸರಣಿಯೂ ಕಡ್ಡಾಯ. ಇಲ್ಲಿ ಬಹಳ ಜನ ಸುಸ್ತಾಗುತ್ತಾರೆ. ಆದರೆ ಈ ಸಾಲಿನ ಕೊನೆಯ ಕೆಲವು ಕ್ವೆಸ್ಟ್‌ಗಳಲ್ಲಿ ಉಲ್ದಾದ ಔತಣಕೂಟದ ದೃಶ್ಯ ಬರುತ್ತದೆ. ಹೆವೆನ್ಸ್‌ವರ್ಡ್ ಎದ್ದು ನಿಲ್ಲುವುದೇ ಅದರ ಮೇಲೆ. ದಿನಕ್ಕೆ ಐದಾರು ಕ್ವೆಸ್ಟ್‌ನಂತೆ ಹೋಗಿ, ಅಲ್ಲಿಯವರೆಗೆ ಬಿಡಬೇಡಿ.

ಈ ನಡುವೆ ಲೆವೆಲ್ 50ರ ಡಂಜನ್‌ಗಳಲ್ಲಿ ಪೊಯೆಟಿಕ್ಸ್ ಎಂಬ ಟೋಮ್‌ಸ್ಟೋನ್ (ಉಡುಪು, ಆಯುಧ ಕೊಳ್ಳುವ ನಾಣ್ಯದಂಥದ್ದು) ಕೂಡಿಕೊಳ್ಳುತ್ತದೆ. 2,000ಕ್ಕಿಂತ ಹೆಚ್ಚು ಇಡಲಾಗದು, ಮಿಕ್ಕಿದ್ದು ವ್ಯರ್ಥ. ಮೋರ್ ಧೋನಾದ ರೆವೆನಂಟ್ಸ್ ಟೋಲ್‌ನಲ್ಲಿ ಅದನ್ನು ಕೊಟ್ಟು ಐಟಂ ಲೆವೆಲ್ (ವಸ್ತುವಿನ ಬಲದ ಅಂಕಿ) 130ರ ಆಗ್‌ಮೆಂಟೆಡ್ ಐರನ್‌ವರ್ಕ್ಸ್ ಉಡುಪು, ಆಯುಧ ತೆಗೆದುಕೊಳ್ಳಿ. ಹೆವೆನ್ಸ್‌ವರ್ಡ್‌ನ ಮೊದಲ ಕೆಲವು ಲೆವೆಲ್‌ಗಳವರೆಗೆ ಅದು ಆರಾಮವಾಗಿ ನಡೆಯುತ್ತದೆ. 60ಕ್ಕೆ ಇಡಿಲ್‌ಶೈರ್, 70ಕ್ಕೆ ರಾಲ್ಗರ್ಸ್ ರೀಚ್, ಅಲ್ಲೂ ಇದೇ ಟೋಮ್‌ಸ್ಟೋನ್ ನಡೆಯುತ್ತದೆ.

ದುಡ್ಡು ಯಾವಾಗ ಕೊಡಬೇಕು

ಸ್ಟಾರ್ಮ್‌ಬ್ಲಡ್‌ನ ಕೊನೆಯ ಪ್ಯಾಚ್ ಕಥೆ ಮುಗಿದು, ಮುಂದಿನ ಕ್ವೆಸ್ಟ್‌ಗೆ ಶ್ಯಾಡೋಬ್ರಿಂಗರ್ಸ್ ಬೇಕು ಎಂದು ಗೇಮ್ ಹೇಳಿದ ದಿನ ಖರೀದಿಸಿ, ಅದಕ್ಕೆ ಮುಂಚೆ ಬೇಡ. ತೀರಾ ಇತ್ತೀಚಿನ ಕಂತು ಕೊಂಡರೆ ಅದರ ಹಿಂದಿನ ಕಂತುಗಳು ಅದರಲ್ಲೇ ಸೇರಿರುತ್ತವೆ, ಒಂದೊಂದಾಗಿ ಕೊಳ್ಳಬೇಕಿಲ್ಲ. ಟ್ರಯಲ್‌ನಿಂದ ಬರುವವರಿಗೆ ಮೂಲ ಗೇಮ್‌ನ ಸ್ಟಾರ್ಟರ್ ಎಡಿಷನ್ ಕೂಡ ಬೇಕು, ಅಥವಾ ಎರಡೂ ಒಟ್ಟಿಗಿರುವ ಕಂಪ್ಲೀಟ್ ಎಡಿಷನ್. ಮೂಲ ಗೇಮ್ ಜತೆ ಮೊದಲ 30 ದಿನದ ಆಟ ಸೇರಿರುತ್ತದೆ, ಆಮೇಲೆ ತಿಂಗಳ ಚಂದಾ. ಎಂಟ್ರಿ, ಸ್ಟ್ಯಾಂಡರ್ಡ್ ಎಂಬ ಎರಡು ಚಂದಾಗಳಲ್ಲಿ ಒಂದೇ ಕ್ಯಾರೆಕ್ಟರ್ ಆಡುವವರಿಗೆ ಅಗ್ಗದ ಎಂಟ್ರಿಯೇ ಸಾಕು. ಕಾರ್ಡ್‌ನಲ್ಲಿ ಹೊರದೇಶದ ಪಾವತಿ ಆನ್ ಇದೆಯೇ ಎಂದು ಬ್ಯಾಂಕ್ ಆ್ಯಪ್‌ನಲ್ಲಿ ಮುಂಚೆಯೇ ನೋಡಿಕೊಳ್ಳಿ. ಆಟ ಬಿಡುವಿರುವ ತಿಂಗಳಲ್ಲಿ ಚಂದಾ ನಿಲ್ಲಿಸಿದರೂ ಕ್ಯಾರೆಕ್ಟರ್ ಹಾಗೇ ಇರುತ್ತದೆ, ಮತ್ತೆ ಕಟ್ಟಿದ ದಿನ ನಿಂತಲ್ಲಿಂದಲೇ ಮುಂದುವರಿಸಬಹುದು.